ಕಾಂಬೋಜಿಯ ದಿನ ಅಕ್ಕ ಮೊಗೆದ ನೀರು

ಜಲತರಂಗದ ಬಟ್ಟಲಿನ ಸ್ವರ ಹುಟ್ಟಿದ ಗಳಿಗೆಯಿಂದಲೇ ಆರತೊಡಗುತ್ತದೆ. ಕ್ಲಾರಿಯೋನೆಟ್ಟಿನದು ಹಾಗಲ್ಲ, ಎದೆಯಲ್ಲಿ ಉಸಿರಿರುವಷ್ಟು ಹೊತ್ತು ಒಂದೇ ಸ್ವರದ ಮೇಲೆ ನಿಲ್ಲಬಹುದು. ಈ ಎರಡನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಪೂರ್ತಿ ಕಚೇರಿ ಮಾಡುವ ಕೆಲಸ ಒಂದು ಸಂಕ್ರಾಂತಿಯ ಹೊತ್ತಿಗೆ ನನಗೂ ನನ್ನ ಅಕ್ಕನಿಗೂ ಬಂತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಬಳ್ಳಾಪುರದಲ್ಲಿ ರಾಮನವಮಿಗೆ ಸಂಗೀತ ನಡೆಸುತ್ತಿದ್ದ ಒಂದು ಮಂಡಳಿಯ ಅಧ್ಯಕ್ಷರು ಗೌರಿಬಿದನೂರಿನ ಮದುವೆಯೊಂದರಲ್ಲಿ ನಮ್ಮನ್ನು ಕೇಳಿದವರು, ಊಟದ ಎಲೆಯ ಮುಂದೆಯೇ, “ಈ ಸಲ ನಮ್ಮ ಪೆಂಡಾಲಲ್ಲಿ ಒಂದು ದಿನ ನಿಮ್ಮದೇ” ಎಂದುಬಿಟ್ಟರು.

ನಾನು ತಕ್ಷಣ ಒಪ್ಪಿಕೊಂಡೆ. ಅಕ್ಕ ಸಾರನ್ನವನ್ನು ಕಲಸುತ್ತಿದ್ದಳು. ಎದ್ದು ಕೈ ತೊಳೆಯುವಾಗ ಕೇಳಿದಳು: “ಎರಡು ಗಂಟೆ ಏನೋ ನುಡಿಸ್ತೀಯ? ನಮ್ಮ ಹತ್ರ ಇರೋದು ಅರ್ಧ ಗಂಟೆ ಸಾಮಾನು.”

ಅವಳ ಮಾತು ನಿಜವಾಗಿತ್ತು. ನಮ್ಮ ತಂದೆ ದೇವಸ್ಥಾನದಲ್ಲಿ ಓಲಗ ಊದುತ್ತಿದ್ದವರು. ನನಗೆ ಅದೇ ಸಂಗೀತವನ್ನು ಕ್ಲಾರಿಯೋನೆಟ್ಟಿನಲ್ಲಿ ಕಲಿಸಿದರು. ಹೆಣ್ಣುಮಕ್ಕಳು ಊದುವಂತಿಲ್ಲ ಎಂಬುದು ಮನೆಯ ಕಟ್ಟಳೆ. ಚಿಂತಾಮಣಿಯಲ್ಲಿ ಒಂದು ನಾಟಕ ಕಂಪನಿ ಮುರಿದುಬಿದ್ದಾಗ ಅವರ ಜಲತರಂಗದ ಪಿಂಗಾಣಿ ಬಟ್ಟಲುಗಳು ನಮ್ಮ ಮನೆಗೆ ಬಂದವು. ಅಕ್ಕ ಅವುಗಳಿಗೆ ನೀರು ತುಂಬಿ, ಬಿದಿರು ಕಡ್ಡಿ ಹಿಡಿದು, ತಂದೆ ನನಗೆ ಹೇಳಿಕೊಡುತ್ತಿದ್ದುದನ್ನೆಲ್ಲ ಪಕ್ಕದ ಕೋಣೆಯಲ್ಲಿ ಕೂತು ಹಿಡಿದುಕೊಂಡಳು. ಮದುವೆಗಳಲ್ಲಿ ನಾವಿಬ್ಬರೂ ಸೇರಿ ನಾಲ್ಕಾರು ಚುರುಕಿನ ಮಟ್ಟುಗಳನ್ನು ನುಡಿಸುತ್ತಿದ್ದೆವು. ಜನ ಬೆರಗಾಗಿ ಬಟ್ಟಲು ನೋಡುವರು, ಅಷ್ಟರಲ್ಲಿ ಊಟಕ್ಕೆ ಕರೆ ಬರುವುದು.

ಅಕ್ಕನನ್ನು ಕೊಟ್ಟದ್ದು ಶಿಡ್ಲಘಟ್ಟಕ್ಕೆ. ಭಾವನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಹಿತ್ತಲ ಚಪ್ಪರದಲ್ಲಿ ಗೂಡು ಬೇಯುವ ಬಿಸಿನೀರು, ಚರಕ, ನೂಲು ಬಿಚ್ಚುವ ಹೆಂಗಸರು. ಭಾವ ಒಳ್ಳೆಯ ಮನುಷ್ಯ. ಆದರೆ ಮದುವೆಮನೆ ಬೇರೆ, ಸಾವಿರ ಜನರೆದುರು ವೇದಿಕೆ ಬೇರೆ. ಅವರ ತಾಯಿ, ಅಣ್ಣಂದಿರು ಒಪ್ಪಿರಲಿಲ್ಲ. ಭಾವ ನನ್ನನ್ನು ಕೂರಿಸಿಕೊಂಡು ಹೇಳಿದರು: “ನೋಡು ಬಾಮೈದ, ಮನೇಲಿ ಎಲ್ಲರ ಹತ್ರ ಜಗಳ ಆಡಿ ಇದೊಂದಕ್ಕೆ ಹ್ಞೂಂ ಅನ್ನಿಸಿದೀನಿ. ಚೆನ್ನಾಗಾದ್ರೆ ಮುಂದಕ್ಕೂ ನುಡಿಸಲಿ, ನಾನೇ ಬಟ್ಟಲು ಹೊರ್ತೀನಿ. ನಗೆಪಾಟಲಾದ್ರೆ ಅಲ್ಲಿಗೆ ಮುಗೀತು. ಆಮೇಲೆ ನನ್ನ ಕೇಳಬೇಡ.”

ಹೀಗೆ ಅಕ್ಕನ ಮುಂದಿನ ಸಂಗೀತವೆಲ್ಲ ಆ ಒಂದು ದಿನದ ಮೇಲೆ ನಿಂತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ.

ಭಾನುವಾರಗಳಂದು ಪುಟ್ಟ ರೈಲು ಹತ್ತಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಮೊದಲ ತೊಡಕು ಸದ್ದಿನದು. ನಾನು ಬೀದಿ ಮೆರವಣಿಗೆಯಲ್ಲಿ ಊದಿ ಬೆಳೆದವನು. ನಾನು ತುಟಿ ಇಟ್ಟರೆ ಬಟ್ಟಲು ನುಡಿಯುತ್ತಿದೆಯೋ ಇಲ್ಲವೋ ಅವಳಿಗೇ ಕೇಳುತ್ತಿರಲಿಲ್ಲ. ದೂರ ಕೂತು ನೋಡಿದೆವು, ಗೋಡೆಯ ಕಡೆ ತಿರುಗಿ ಊದಿದೆ, ಕೊಳವೆಯ ಬಾಯಿಗೆ ಬಟ್ಟೆ ಸುತ್ತಿದೆ. ಕೊನೆಗೆ ದಾರಿ ಸಿಕ್ಕಿದ್ದು ರೀಡಿನಲ್ಲಿ. ಬಾಯಿಗೆ ಕಚ್ಚುವ ಆ ಬೆತ್ತದ ಪಟ್ಟಿ ಗಟ್ಟಿಯಾಗಿದ್ದರೆ ಸದ್ದು ದೊಡ್ಡದು, ತೆಳ್ಳಗಿದ್ದರೆ ಮೆತ್ತಗೆ. ನಾನು ಒಂದನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ತೆಳ್ಳಗೆ ಮಾಡಿಕೊಂಡೆ. ಅದರಲ್ಲಿ ಊದಿದಾಗ ಬಟ್ಟಲಿನ ದನಿ ನನ್ನ ದನಿಯ ಮೇಲೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ ನಿಂತಿತು. “ಇದೇ ಕಣೋ. ಕಚೇರೀಲೂ ಇದನ್ನೇ ಹಾಕ್ಬೇಕು” ಎಂದಳು ಅಕ್ಕ. ಆಗಲಿ ಎಂದು ಮಾತು ಕೊಟ್ಟೆ.

ಎರಡನೆಯ ತೊಡಕು ರಾಗಗಳದು. ಜಲತರಂಗವನ್ನು ಒಂದೊಂದು ರಾಗಕ್ಕೂ ಹೊಸದಾಗಿ ಕೂರಿಸಬೇಕು. ನೀರು ಹಾಕಿದರೆ ಸ್ವರ ಇಳಿಯುತ್ತದೆ, ತೆಗೆದರೆ ಏರುತ್ತದೆ. ಹೊಸದಾಗಿ ನೀರು ಸುರಿದರೆ ಅದು ತುಳುಕಾಡಿ ನಿಲ್ಲುವವರೆಗೆ ಸ್ವರವೂ ನಿಲ್ಲುವುದಿಲ್ಲ. ದೇವರ ಮನೆಯ ತಾಮ್ರದ ಉದ್ಧರಣೆಯಿಂದ ಮೆಲ್ಲಗೆ ತೆಗೆದರೆ ಅಷ್ಟು ಅಲುಗುವುದಿಲ್ಲ. ಬಟ್ಟೆಯ ತುದಿ ಅದ್ದಿದರೆ ಹನಿಯಷ್ಟನ್ನೇ ಹೀರಬಹುದು. ಅಕ್ಕ ಒಂದು ಮಧ್ಯಾಹ್ನ ಬಟ್ಟಲುಗಳ ನಡುವೆ ಕೂತು ನಮ್ಮ ಕಚೇರಿಯ ಕ್ರಮವನ್ನು ನೀರಿನ ಲೆಕ್ಕದಲ್ಲೇ ಕಟ್ಟಿಬಿಟ್ಟಳು. ಮೊದಲು ಮೋಹನ. ಮೋಹನಕ್ಕೆ ಬೇಡದ ಮಧ್ಯಮ, ನಿಷಾದದ ಬಟ್ಟಲುಗಳನ್ನು ಆಗಲೇ ಕಾಂಬೋಜಿಗೆ ಕೂರಿಸಿಟ್ಟರೆ, ಕಾಂಬೋಜಿ ಬಂದಾಗ ನೀರು ಮುಟ್ಟುವಂತೆಯೇ ಇಲ್ಲ. ಕಾಂಬೋಜಿ ಮುಗಿದ ಮೇಲೆ ನಿಷಾದದಿಂದ ಒಂದಿಷ್ಟು ತೆಗೆದರೆ ಶಂಕರಾಭರಣ. ಆಮೇಲೆ ಮಧ್ಯಮದಿಂದ ತೆಗೆದರೆ ಕಲ್ಯಾಣಿ. ಮೊದಲಿನಿಂದ ಕೊನೆಯವರೆಗೆ ತೆಗೆಯುವುದೇ, ಒಂದು ಹನಿಯನ್ನೂ ಹಾಕುವಂತಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ. ಅಷ್ಟು ವರ್ಷ ರಾಗಗಳನ್ನು ಊದಿದ ನನಗೆ ಅವು ಹೀಗೆ ಒಂದರ ಹೊಟ್ಟೆಯಲ್ಲಿ ಒಂದು ಇವೆ ಎಂದು ತೋರಿರಲಿಲ್ಲ.

ಗೌರಿಬಿದನೂರಿನಿಂದ ಮೃದಂಗದ ಯಜಮಾನರನ್ನು ಕರೆಸಿ ಇದನ್ನು ಕೇಳಿಸಿದೆವು. ಅವರು ತಂದೆಯ ಓರಗೆಯವರು, ಮಾತು ಅರ್ಧ ತೆಲುಗು. ಮೋಹನಕ್ಕೆ ತಲೆದೂಗಿದರು. ಕಾಂಬೋಜಿ ಶುರುವಾದೊಡನೆ ಮೃದಂಗದಿಂದ ಕೈ ತೆಗೆದರು.

“ಏಮ್ರಾ ಅಬ್ಬಾಯಿ, ನೀನು ಉಯ್ಯಾಲೆ ಆಡ್ತಾ ಇದೀಯ. ಆಯಮ್ಮ ಪಕ್ಕದಲ್ಲಿ ಮೆಟ್ಟಿಲು ಇಳೀತಾ ಇದಾಳೆ. ಇದು ಕಾಂಬೋಜಿನಾ?”

“ಹಾಗಾದ್ರೆ ಕಾಂಬೋಜಿ ಬಿಟ್ಟುಬಿಡೋಣ ಸ್ವಾಮಿ” ಎಂದೆ.

“ಬಿಟ್ಟು? ರಾಮನವಮೀಲಿ ಕಾಂಬೋಜಿ ಇಲ್ಲ ಅಂದ್ರೆ ಅದು ಕಚೇರಿಯಲ್ಲಪ್ಪ, ಪಾನಕ ಹಂಚೋವರೆಗೂ ಕಾಲಕ್ಷೇಪ!”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಾಂಬೋಜಿಯ ಜೀವವಿರುವುದೇ ಸ್ವರದಿಂದ ಸ್ವರಕ್ಕೆ ಜಾರುವ ತೂಗಾಟದಲ್ಲಿ. ಬಟ್ಟಲಿಗೆ ಜಾರಲು ಬರುವುದಿಲ್ಲ. ಒಂದೇ ಸಂಗತಿಯನ್ನು ಇಬ್ಬರೂ ನುಡಿಸಿದರೆ ನನ್ನದು ಅವಳದನ್ನು ಸುಳ್ಳು ಮಾಡುತ್ತಿತ್ತು. ಎರಡು ಭಾನುವಾರ ಬರೀ ಸೋಲಿನಲ್ಲೇ ಹೋದವು. ಮೂರನೆಯದರಲ್ಲಿ ಅಕ್ಕ ಕಡ್ಡಿಗಳನ್ನು ಕೆಳಗಿಟ್ಟು, “ನಾವಿಬ್ರೂ ಒಂದೇ ನುಡಿಸೋದು ಬೇಡ. ನೀನು ನಡಿ. ನೀನು ಕಾಲಿಟ್ಟ ಕಡೆಯೆಲ್ಲ ನಾನೊಂದು ದೀಪ ಇಡ್ತೀನಿ” ಎಂದಳು. ಹಾಗೇ ಮಾಡಿದೆವು. ನಾನು ಗಾಂಧಾರದಿಂದ ತೂಗಿ ತೂಗಿ ಪಂಚಮಕ್ಕೆ ಬಂದು ನಿಲ್ಲುವುದು, ನಿಂತ ಆ ತುದಿಯಲ್ಲಿ ಅವಳ ಪಂಚಮ ಒಮ್ಮೆ ‘ಠಿಣ್’ ಎನ್ನುವುದು. ಅವಳು ಬಿಟ್ಟ ಸ್ವರಗಳೇ ಹೆಚ್ಚು. ಆದರೂ ರಾಗ ತುಂಬಿ ನಿಂತಿತು. ಹಿತ್ತಲಲ್ಲಿ ಚರಕದ ಸದ್ದು ನಿಂತುಹೋಗಿತ್ತು. ತಿರುಗಿ ನೋಡಿದರೆ ನೂಲು ಬಿಚ್ಚುವ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಭಾವ ಗದರಿಸಲು ಬಂದವರು ತಾವೂ ನಿಂತುಬಿಟ್ಟರು.

ರಾಮನವಮಿ ಬಂತು. ಸಂಜೆ ಪೆಂಡಾಲಿನೊಳಗೆ ಬಿಸಿಲಿನ ಧಗೆ ಇನ್ನೂ ಇತ್ತು. ಅಕ್ಕ ಬಟ್ಟಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಕಮಾನಾಗಿ ಜೋಡಿಸಿ, ಶ್ರುತಿಪೆಟ್ಟಿಗೆಗೆ ಕೂರಿಸಿಕೊಂಡಳು. ಪೆಟ್ಟಿಗೆ ಒತ್ತುವುದಕ್ಕೆ ನನ್ನ ಹೆಂಡತಿ ಹಿಂದೆ ಕೂತಿದ್ದಳು. ಭಾವ ತಮ್ಮ ಅಣ್ಣಂದಿರ ಜೊತೆ ನಡುವಿನ ಸಾಲಿನಲ್ಲಿದ್ದರು. ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಪಕ್ಕದಲ್ಲಿ, ಚಿಂತಾಮಣಿಯ ಕಡೆಯ ಒಬ್ಬ ಹಿರಿಯ ನಾಗಸ್ವರ ವಿದ್ವಾಂಸರು ಬಂದು ಕೂತರು. ಒಂದು ಕಾಲದಲ್ಲಿ ಅವರು ನಮ್ಮ ತಂದೆಯ ಎದುರಿಗೇ, ನಾನು ಕೇಳುವ ಹಾಗೆ, ಕ್ಲಾರಿಯೋನೆಟ್ಟನ್ನು ‘ಬ್ಯಾಂಡಿನವರ ಕೊಳವೆ’ ಎಂದಿದ್ದರು.

ಅವರನ್ನು ಕಂಡೊಡನೆ ನನ್ನ ತಲೆ ಕೆಟ್ಟಿತು. ಮೋಹನವನ್ನು ಮಾತಿನಂತೆ ತೆಳು ರೀಡಿನಲ್ಲೇ ಊದಿದೆ. ಚೆನ್ನಾಗಿ ಬಂತು. ಜನ ಅಕ್ಕನ ಕೈಯನ್ನೇ ನೋಡುತ್ತಿದ್ದರು. ಆ ವಿದ್ವಾಂಸರೂ ಅವಳನ್ನೇ ನೋಡುತ್ತಿದ್ದರು. ಕಾಂಬೋಜಿಯ ಆಲಾಪನೆಗೆ ಮುಂಚೆ, ಎಂಜಲು ಒರೆಸುವ ನೆಪದಲ್ಲಿ, ಜೇಬಿನಲ್ಲಿದ್ದ ಮೆರವಣಿಗೆಯ ಗಟ್ಟಿ ರೀಡನ್ನು ಹಾಕಿಕೊಂಡೆ. ಇವರಿಗೆ ನನ್ನ ನಾದ ಎಷ್ಟು ದೊಡ್ಡದೆಂದು ಒಮ್ಮೆ ಕೇಳಿಸಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಗಟ್ಟಿ ರೀಡು ಬೀದಿಗೆ ಸರಿ. ಕೂತು ಕಾಂಬೋಜಿ ಊದಲು ಅದನ್ನು ತುಟಿಯಲ್ಲಿ ಒತ್ತಿ ಕಚ್ಚಬೇಕಾಗುತ್ತದೆ. ಕಚ್ಚಿದಷ್ಟೂ ಸ್ವರ ಮೇಲೇರುತ್ತದೆ. ಧಗೆಗೂ ಉಸಿರಿಗೂ ಕೊಳವೆ ಕಾದರೆ ಇನ್ನಷ್ಟು ಏರುತ್ತದೆ. ನಾನು ಮೇಲಿನ ಸ್ಥಾಯಿಗೆ ಹೋಗಿ ನಿಂತೆ, ಪೆಂಡಾಲು ತುಂಬಿತು, ಯಾರೋ ‘ಭೇಷ್’ ಎಂದರು. ಇಳಿದು ಷಡ್ಜಕ್ಕೆ ಬಂದಾಗ ಶ್ರುತಿಪೆಟ್ಟಿಗೆಗೂ ನನಗೂ ನಡುವೆ ಸಂದು ಬಿದ್ದಿತ್ತು. ಪೆಟ್ಟಿಗೆಯ ತಿದಿ ಸಡಿಲವಾಗಿರಬೇಕು ಎಂದುಕೊಂಡೆ. ಮನುಷ್ಯ ತನ್ನನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸುತ್ತಾನೆ. ಮತ್ತೆ ಮೇಲೆ ಹೋದೆ, ಮತ್ತೆ ಇಳಿದೆ. ಸಂದು ಅಗಲವಾಗಿತ್ತು. ಈಗ ನನಗೆ ತಿಳಿಯಿತು. ಆದರೆ ತುಟಿ ಸಡಿಲಿಸಿದರೆ ರೀಡು ಕೀಚಲಿಡುತ್ತದೆ. ಬದಲಿಸಬೇಕೆಂದರೆ ಎಲ್ಲರೆದುರು ನಿಲ್ಲಿಸಬೇಕು. ಅಕ್ಕನ ಕಡೆ ನೋಡಿದೆ.

ಅವಳು ನನ್ನ ಬಾಯಿಯನ್ನು ನೋಡುತ್ತಿದ್ದಳು. ರೀಡು ಬದಲಾಗಿದೆ ಎಂದು ಅವಳಿಗೆ ಮೊದಲ ಉಸಿರಿನಲ್ಲೇ ಗೊತ್ತಾಗಿತ್ತಂತೆ. ಕೋಪವಿರಲಿಲ್ಲ ಆ ಮುಖದಲ್ಲಿ. ದಾರಿ ಅಳೆಯುವವರ ಮುಖ ಅದು. ಅವಳು ಹಿಂದಕ್ಕೆ ಕೈ ಚಾಚಿ, ಅಂಗೈ ಕೆಳಗೆ ಮಾಡಿ, ಶ್ರುತಿಪೆಟ್ಟಿಗೆ ನಿಲ್ಲಿಸು ಎಂದಳು. ನನ್ನ ಹೆಂಡತಿ ಗಾಬರಿಯಿಂದ ನನ್ನನ್ನೂ ಅವಳನ್ನೂ ನೋಡಿ, ನಿಲ್ಲಿಸಿದಳು. ಶ್ರುತಿಯಿಲ್ಲದ ಬಯಲಿನಲ್ಲಿ ನನ್ನ ಕಾಂಬೋಜಿ ಒಂದೇ ಉಳಿಯಿತು.

ಆಮೇಲೆ ಅಕ್ಕ ಉದ್ಧರಣೆ ಕೈಗೆತ್ತಿಕೊಂಡಳು. ಒಂದು ಬಟ್ಟಲಿನಿಂದ ಒಂದಿಷ್ಟು ನೀರು ತೆಗೆಯುವುದು, ಕಿವಿ ಹತ್ತಿರ ತಂದು ಉಗುರಿನಿಂದ ಅಂಚು ಮೀಟುವುದು, ಬಟ್ಟೆಯ ತುದಿ ಅದ್ದಿ ಹನಿ ಹೀರುವುದು, ಮುಂದಿನ ಬಟ್ಟಲು. ನಾನು ಆಲಾಪನೆ ಮುಗಿಸುವಷ್ಟರಲ್ಲಿ ಕಮಾನಿನಷ್ಟೂ ಬಟ್ಟಲುಗಳು ನಾನಿದ್ದ ಎತ್ತರಕ್ಕೆ ಬಂದಿದ್ದವು. ಮೃದಂಗದ ಯಜಮಾನರು ಕಲ್ಲು ತೆಗೆದು ಮೃದಂಗದ ಅಂಚನ್ನು ಸುತ್ತ ತಟ್ಟಿ ತಟ್ಟಿ ತಾವೂ ಏರಿಸಿಕೊಂಡರು. ಇಡೀ ವೇದಿಕೆ ನನ್ನ ತಪ್ಪು ಇದ್ದ ಕಡೆಗೆ ಎದ್ದು ಬಂತು.

ಕೃತಿ ಎತ್ತಿಕೊಂಡೆ. ನಾನು ಇನ್ನೂ ಏರುತ್ತಲೇ ಇದ್ದೆ, ಕೂದಲೆಳೆಯಷ್ಟು, ಕೂದಲೆಳೆಯಷ್ಟು. ಅಲ್ಲಿ ನಾನು ಕಂಡದ್ದನ್ನು ಮತ್ತೆಲ್ಲೂ ಕಂಡಿಲ್ಲ. ಅಕ್ಕ ಬಲಗೈಯಲ್ಲಿ ನುಡಿಸುತ್ತಿದ್ದಳು, ಎಡಗೈಯಲ್ಲಿ ನೀರು ತೆಗೆಯುತ್ತಿದ್ದಳು. ಕೃತಿಯ ಮುಂದಿನ ಸಾಲಿಗೆ ಯಾವ ಬಟ್ಟಲು ಬೇಡವೋ ಅದರಿಂದ ಈಗ ತೆಗೆಯಬೇಕು. ಅದರ ಸರದಿ ಬರುವಷ್ಟರಲ್ಲಿ ಉಳಿದ ನೀರು ಅಲುಗಾಟ ಬಿಟ್ಟಿರಬೇಕು. ನಾನು ಎಲ್ಲಿಗೆ ಹೋಗುತ್ತೇನೆಂದು ಅಷ್ಟೇ ಅಲ್ಲ, ಅಲ್ಲಿಗೆ ಹೋದಾಗ ಎಷ್ಟು ಏರಿರುತ್ತೇನೆಂಬುದೂ ಅವಳಿಗೆ ಮುಂಚೆಯೇ ತಿಳಿಯುತ್ತಿತ್ತು. ನಾನು ಪಂಚಮಕ್ಕೆ ಬಂದರೆ ಅಲ್ಲಿ ದೀಪ. ನಿಷಾದಕ್ಕೆ ಇಳಿದರೆ ಅಲ್ಲಿ ದೀಪ. ಎಲ್ಲವೂ ನನ್ನ ಮಟ್ಟಕ್ಕೇ, ಸಂದಿಲ್ಲದ ಹಾಗೆ. ಊದುತ್ತಿದ್ದವನ ಕಣ್ಣಲ್ಲಿ ನೀರು ಬಂತು. ಊದುವುದನ್ನು ನಿಲ್ಲಿಸಿ ಕೇಳೋಣ ಎನಿಸಿತು.

ಪೆಂಡಾಲಿನ ಜನಕ್ಕೆ ಕಂಡದ್ದು ಬೇರೆ. ಶ್ರುತಿಪೆಟ್ಟಿಗೆ ನಿಂತಿತು, ಆ ಹೆಂಗಸು ನೀರು ಮೊಗೆಯುತ್ತಲೇ ಇದ್ದಾಳೆ, ಮೃದಂಗದವರು ಕಲ್ಲು ಕುಟ್ಟುತ್ತಿದ್ದಾರೆ. ಬಟ್ಟಲು ಕೆಟ್ಟಿದೆ ಎಂದುಕೊಂಡರು. ಹಿಂದಿನಿಂದ ಯಾರೋ ಕೂಗಿದರು: “ಅಮ್ಮಾವ್ರು ಪಾನಕಕ್ಕೆ ನೀರು ಮೊಗೀತಾವ್ರೆ ಕಣ್ರಪ್ಪೋ, ಲೋಟ ತನ್ನಿ!” ನಗೆಯೆದ್ದಿತು. ಅಕ್ಕ ತಲೆ ಎತ್ತಲಿಲ್ಲ. ಎಡಗೈ ನೀರು ತೆಗೆಯುತ್ತಲೇ ಇತ್ತು.

ಕಚೇರಿ ಮುಗಿದ ಮೇಲೆ ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು: “ಏನು ನಾದ ನಿಮ್ಮದು! ಪಾಪ, ಬಟ್ಟಲು ಕೈಕೊಟ್ಟವು. ಮುಂದಿನ ಸಲ ಪಿಟೀಲಿನವರನ್ನ ಹಾಕೋಣ.” ನಾನು ಕೈ ಮುಗಿದೆ. ಅದು ನನ್ನ ಮೊದಲ ಸುಳ್ಳು.

ಎರಡನೆಯದು ಬಸ್ ಸ್ಟ್ಯಾಂಡಿನಲ್ಲಿ. ಅಕ್ಕ ಬಟ್ಟಲಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಭಾವನ ಅಣ್ಣಂದಿರು ಕಾಯದೆ ಮುಂದೆ ಹೋಗಿದ್ದರು. ಭಾವ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ನನಗೆ ಸಂಗೀತ ತಿಳಿಯಲ್ಲ ಬಾಮೈದ. ನಿಜವಾಗಿ ಏನಾಯ್ತು ಹೇಳು. ನೀನು ಹೇಳಿದ್ದನ್ನ ನಾನು ಮನೇಲಿ ಹೇಳ್ತೀನಿ.”

ಅಕ್ಕನಿಗೆ ಕೇಳುವಷ್ಟು ಹತ್ತಿರದಲ್ಲೇ ಇದ್ದೆವು. “ಬಿಸಿಲು ಭಾವ” ಎಂದೆ. “ನೀರು ಆರಿಬಿಡ್ತು. ಬಟ್ಟಲು ಅಂದ್ರೆ ಹಾಗೇ, ನಂಬೋಕಾಗಲ್ಲ.”

ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಬಸ್ಸು ಹತ್ತಿದಳು.

ಮುಂದಿನ ಒಂದು ವರ್ಷ ನಾನು ಪಿಟೀಲಿನವರ ಜೊತೆ ನುಡಿಸಿದೆ. ಚಿಂತಾಮಣಿಯಲ್ಲಿ, ಪೆರೇಸಂದ್ರದಲ್ಲಿ ಕರೆ ಬಂತು. ಕಾಂಬೋಜಿ ಬಂದಾಗಲೆಲ್ಲ ಪಂಚಮದ ತುದಿಯಲ್ಲಿ ಒಂದು ಕ್ಷಣ ಕಾಯುತ್ತಿದ್ದೆ. ಅಲ್ಲಿ ಏನೂ ಬರುತ್ತಿರಲಿಲ್ಲ. ಪಿಟೀಲಿನವರು, “ಅಲ್ಯಾಕೆ ನಿಲ್ತೀರಿ?” ಎಂದು ಕೇಳಿದರು. ಕೊನೆಗೆ ತಾಳಲಾರದೆ ಶಿಡ್ಲಘಟ್ಟಕ್ಕೆ ಹೋದೆ.

ಭಾವ ಜಗಲಿಯಲ್ಲಿ ಗೂಡು ಆರಿಸುತ್ತಿದ್ದರು. ರೀಡಿನಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

“ಅವತ್ತೇ ಹೇಳಿದ್ದಿದ್ರೆ ಆ ನಕ್ಕವನ ಮುಂದೆ ಹೋಗಿ ನಿಲ್ತಿದ್ದೆನಲ್ಲೋ” ಎಂದರು. ಅಲ್ಲಿಯವರೆಗೆ ನನ್ನನ್ನು ಅವರು ಏಕವಚನದಲ್ಲಿ ಕರೆದರೂ ಅದರಲ್ಲಿ ಸಲಿಗೆ ಇರುತ್ತಿತ್ತು, ಆ ದಿನ ಇರಲಿಲ್ಲ. ಒಳಗೆ ತಿರುಗಿ ಅಕ್ಕನನ್ನು ಕರೆದರು: “ಕೇಳಿದೆಯಾ ನಿನ್ನ ತಮ್ಮ ಹೇಳಿದ್ದು? ನೀನು ಯಾಕೆ ಹೇಳಲಿಲ್ಲ?”

“ನಾನು ಹೇಳಿದ್ರೆ, ತಪ್ಪು ಮುಚ್ಚಿಕೊಳ್ಳೋಕೆ ತಮ್ಮನ ಮೇಲೆ ಹಾಕಿದ್ಲು ಅಂತಿದ್ರು ನಿಮ್ಮ ಅಮ್ಮ” ಎಂದಳು ಅಕ್ಕ.

“ಇನ್ನು ನನ್ನ ಅಡ್ಡಿ ಇಲ್ಲ. ಹೋಗಿ ನುಡಿಸು. ಅಮ್ಮನಿಗೆ ನಾನು ಹೇಳ್ತೀನಿ.”

ಅಕ್ಕ ನನ್ನ ಕಡೆ ತಿರುಗಿದಳು. “ಮಂಡಳಿಯವರಿಗೂ ಹೇಳ್ತೀಯೇನೋ?”

ಆ ವರ್ಷದ ರಾಮನವಮಿಗೆ ಅದೇ ಮಂಡಳಿಯವರು ನನ್ನ ಕಚೇರಿ ಇಟ್ಟಿದ್ದರು. ಆ ನಾಗಸ್ವರ ವಿದ್ವಾಂಸರೇ ನನ್ನ ಹೆಸರು ಹೇಳಿದ್ದರಂತೆ. ನಾನು ಭಾವನ ಗೂಡಿನ ರಾಶಿಗೆ ಕೈ ಹಾಕಿ ಆರಿಸತೊಡಗಿದೆ.

“ಸರಿ ಬಿಡು” ಎಂದಳು. “ಹಾಗಾದ್ರೆ ಆ ವೇದಿಕೆಗೆ ನಾನು ಬರಲ್ಲ. ಬೇಜಾರೇನಿಲ್ಲ ಕಣೋ. ಅವತ್ತು ಓಡ್ತಿದ್ದವನ ಜೊತೆ ಅಷ್ಟೂ ಬಟ್ಟಲನ್ನ ಓಡ್ಸಿದೀನಿ. ಕೇಳಿದವರಿಗೆ ಗೊತ್ತಾಗ್ಲಿಲ್ಲ ಅಂದ್ರೆ ಅದು ಅವರ ನಷ್ಟ. ನಿನಗೆ ಗೊತ್ತಿತ್ತಲ್ಲ, ನಿನ್ನದು ಅದಕ್ಕಿಂತ ದೊಡ್ಡ ನಷ್ಟ.”

ಆ ಮಂಡಳಿಯವರಿಗೆ ನಾನು ಕೊನೆಗೂ ಹೇಳಲಿಲ್ಲ. ಅಧ್ಯಕ್ಷರು ಹೋದರು, ಆ ವಿದ್ವಾಂಸರು ಹೋದರು, ಮೃದಂಗದ ಯಜಮಾನರು ಮಾತ್ರ ಎಲ್ಲ ತಿಳಿದೂ ಒಂದು ದಿನವೂ ನನ್ನನ್ನು ಕೇಳದೆ ಹೋದರು. ಆ ಪೆಂಡಾಲಿನಲ್ಲಿ ನಕ್ಕವರಲ್ಲಿ ಯಾರಾದರೂ ಈಗಲೂ ಇದ್ದರೆ ತಿಳಿಯಲಿ ಎಂದು ಇದನ್ನು ಬರೆದಿದ್ದೇನೆ: ಆ ದಿನ ಶ್ರುತಿ ಬಿಟ್ಟವನು ನಾನು.

ಭಾವನೆದುರು ಎಲ್ಲ ಒಪ್ಪಿಕೊಂಡ ಆ ಮಧ್ಯಾಹ್ನ ಅಕ್ಕ ನನ್ನನ್ನು ಹಾಗೇ ಕಳಿಸಲಿಲ್ಲ. ಒಳಗೆ ಕರೆದು ಕೂರಿಸಿದಳು. ಆ ಒಂದು ವರ್ಷ ಅವಳು ಸುಮ್ಮನೆ ಕೂತಿರಲಿಲ್ಲ. ಬಟ್ಟಲನ್ನು ಬಾರಿಸಿದ ಮರುಗಳಿಗೆಯಲ್ಲಿ ಕಡ್ಡಿಯ ತುದಿಯಿಂದ ನೀರಿನ ಮೈ ಸೋಕಿದಳು. ಸ್ವರ ಬಾಗಿತು. ಬಾಗಿ, ತೂಗಿ, ಮತ್ತೆ ಎದ್ದಿತು. ಬಟ್ಟಲಿಗೆ ಬಾರದು ಎಂದು ನಾವೆಲ್ಲ ಬಿಟ್ಟಿದ್ದ ತೋಡಿಯ ಗಾಂಧಾರ ಅದು, ಪಿಂಗಾಣಿಯ ಅಂಚಿನಿಂದ ಹೊರಟು ಬಂದಿತ್ತು.

ಅಲ್ಲಿಂದ ಮುಂದೆ, ಅರವತ್ತರ ದಶಕದುದ್ದಕ್ಕೂ, ಬಿಡುವಾದಾಗಲೆಲ್ಲ ನಾನು ಶಿಡ್ಲಘಟ್ಟಕ್ಕೆ ಹೋದೆ. ತೋಡಿ ಕೂರಿಸಿದೆವು. ಭೈರವಿ ಕೂರಿಸಿದೆವು. ಸಹಾನ ಬಹಳ ದಿನ ಸತಾಯಿಸಿತು, ಅದೂ ಬಂತು. ಒಂದು ವಾರವಿಡೀ ಕಚೇರಿ ಮಾಡುವಷ್ಟು ಸಾಮಾನು ನಮ್ಮಲ್ಲಿ ಸೇರಿತು. ಯಾವ ವೇದಿಕೆಯೂ ಅದನ್ನು ಕೇಳಲಿಲ್ಲ. ಭಾವ ಎರಡು ಸಲ ಬೇರೆ ಊರಿನವರನ್ನು ಮಾತಾಡಿಸಿ ಬಂದರು. ನಾನು ಮಂಡಳಿಯವರಿಗೆ ಹೇಳುವವರೆಗೆ ಯಾವ ವೇದಿಕೆಯೂ ಬೇಡವೆಂದಳು ಅಕ್ಕ. ಕೇಳಿದವರು ಹಿತ್ತಲಲ್ಲಿ ನೂಲು ಬಿಚ್ಚುತ್ತಿದ್ದ ಹೆಂಗಸರು ಮಾತ್ರ.

ಅವರಲ್ಲಿ ವಯಸ್ಸಾದ ಒಬ್ಬಾಕೆ ಇದ್ದಳು, ಮನೆಯ ಮಾತು ಉರ್ದು, ನಮ್ಮೊಡನೆ ಕನ್ನಡ. ಒಂದು ದಿನ ನಾವು ತೋಡಿ ನುಡಿಸುತ್ತಿದ್ದೆವು. ಅಕ್ಕ ಎಲ್ಲೋ ಮೇಲೆ ಹೋಗಿಬಿಟ್ಟಿದ್ದಳು, ನಾನು ಅವಳ ಸ್ವರ ಬಾಗುವುದನ್ನು ಕಾದು, ಅದು ನಿಂತಲ್ಲಿ ಮೆಲ್ಲಗೆ ಒಂದು ಉಸಿರು ಇಡುತ್ತಿದ್ದೆ. ಆಕೆ ಬಿಸಿನೀರಿನಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿದಳು.

“ಅಮ್ಮಾ, ಇವತ್ತು ತಮ್ಮಯ್ಯನೋರು ನಿಮ್ಮ ಹಿಂದೆ ಹಿಂದೆನೇ ಬತ್ತಾವ್ರಲ್ಲ!”

ಅಕ್ಕ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. “ಬರಲಿ ಬಿಡೇ” ಎಂದಳು, “ಈಗ ತಾನೆ ನಡೆಯೋದು ಕಲೀತಾ ಇದಾನೆ.”